ಹಸ್ತಪ್ರತಿಗಳಿಂದ ಮರಳಿದ ಖಡ್ಗವಿದ್ಯೆ

14ನೆಯ ಶತಮಾನದ ಜರ್ಮನ್ ಖಡ್ಗಗುರು ಯೊಹಾನೆಸ್ ಲೀಕ್ಟೆನಾವರ್‌ನ ವಿದ್ಯೆ ಗೂಢಾರ್ಥದ ಪ್ರಾಸಪದ್ಯಗಳಲ್ಲಿ ಉಳಿದುಬಂದಿದ್ದು, ಎರಡೂ ಕೈಗಳಿಂದ ಹಿಡಿಯುವ ಉದ್ದಖಡ್ಗದ ಆ ಸೂತ್ರಗಳು ಇಂದಿನವರಿಗೆ ಅರ್ಥವಾಗುವುದು 15ನೆಯ ಶತಮಾನದ ವ್ಯಾಖ್ಯಾನಗಳ ನೆರವಿನಿಂದ. ಹೆಗಲಿನಿಂದ ಓರೆಯಾಗಿ ಇಳಿಯುವ ‘ತ್ಸೋರ್ನ್‌ಹೌ’, ಅಂದರೆ ಕೋಪದ ಹೊಡೆತ, ಸೇರಿದಂತೆ ಐದು ಮುಖ್ಯ ಹೊಡೆತಗಳನ್ನು ಅವು ವಿವರಿಸುತ್ತವೆ. ಅಲಗುಗಳು ತಾಗಿದಾಗ ಎದುರಾಳಿಯ ಒತ್ತಡವನ್ನು ಕೈಯಿಂದಲೇ ಗ್ರಹಿಸುವ ‘ಫ್ಯೂಲೆನ್’, ಅಂದರೆ ಸ್ಪರ್ಶಜ್ಞಾನ, ಈ ಪದ್ಧತಿಯ ತಿರುಳು: ಒತ್ತಡ ಸಡಿಲವಾಗಿದ್ದರೆ ನೇರವಾಗಿ ತಿವಿಯಬೇಕು, ಬಿಗಿಯಾಗಿದ್ದರೆ ಅಲಗನ್ನು ಬಿಡಿಸಿಕೊಂಡು ಬೇರೆಡೆಯಿಂದ ಹೊಡೆಯಬೇಕು.

ಗುರುಶಿಷ್ಯ ಪರಂಪರೆ ಕಡಿದುಹೋಗಿರುವುದರಿಂದ ಈ ವಿದ್ಯೆಯ ಇಂದಿನ ಪುನಾರಚನೆಗೆ ಗ್ರಂಥಗಳೇ ಆಧಾರ. ಆದರೆ ಹಾನ್ಸ್ ಟಾಲ್‌ಹೋಫರ್‌ನ 1467ರ ಹಸ್ತಪ್ರತಿಯಂತಹ ಸಚಿತ್ರ ಕೃತಿಗಳೂ ಕ್ರಿಯೆಯ ಒಂದು ಕ್ಷಣವನ್ನಷ್ಟೇ ತೋರಿಸುವುದರಿಂದ, ಅದರ ಹಿಂದುಮುಂದಿನ ಹೆಜ್ಜೆಗಳನ್ನು ಊಹಿಸಬೇಕಾಗುತ್ತದೆ. ಆದ್ದರಿಂದ ಅಭ್ಯಾಸಿಗಳು ಪಠ್ಯಗಳನ್ನು ಹೋಲಿಸಿ ಓದಿ, ಮೊಂಡು ಅಲಗಿನ ಉಕ್ಕಿನ ಖಡ್ಗ, ಮುಖಕವಚ ಮತ್ತು ದಪ್ಪ ಅಂಗಿಗಳೊಡನೆ ಸೆಣಸಿ, ತಮ್ಮ ಊಹೆಯನ್ನು ಪರೀಕ್ಷಿಸುತ್ತಾರೆ. ಪಠ್ಯಕ್ಕೆ ನಿಷ್ಠವಾಗಿರುವುದರ ಜೊತೆಗೆ, ನಿಜವಾಗಿ ಪ್ರತಿರೋಧಿಸುವ ಎದುರಾಳಿಯ ಮುಂದೆಯೂ ನಿಲ್ಲುವ ವ್ಯಾಖ್ಯಾನವೇ ಇಲ್ಲಿ ಅಂಗೀಕಾರಯೋಗ್ಯ.