ಕಾಶಾನಿನ ಚಿತ್ರಭಾಂಡಗಳು

ಇರಾನಿನ ಮರುಭೂಮಿಯಂಚಿನ ಕಾಶಾನ್ ನಗರದಲ್ಲಿ ಹನ್ನೆರಡನೆಯ ಶತಮಾನದ ಅಂತ್ಯದಿಂದ ಹದಿಮೂರನೆಯದರ ಆದಿಭಾಗದವರೆಗೆ ಸಿದ್ಧವಾದ ಬೋಗುಣಿ, ಹೂಜಿಗಳನ್ನು ಕಂಡವರು ಮೊದಲು ಮೆಚ್ಚುವುದು ಅವುಗಳ ಮೇಲೆ ಓಡಿರುವ ಕುಂಚದ ಲೀಲೆಯನ್ನು. ಆದರೆ ಆ ಲೀಲೆಗೆ ಮೂಲವಾದುದು ಒಂದು ಕೊರತೆ. ಚೀನಾದಿಂದ ಬರುತ್ತಿದ್ದ ಧವಳವರ್ಣದ ಪಿಂಗಾಣಿಗೆ ಸರಿಗಟ್ಟುವಂಥದನ್ನು ತಾನೂ ಮಾಡಬೇಕೆಂದು ಹಂಬಲಿಸಿದ ಪಾರಸಿಕ ಕುಂಬಾರನು, ಅದಕ್ಕೆ ತಕ್ಕ ಮಣ್ಣು ತನ್ನ ನಾಡಿನಲ್ಲಿ ದೊರೆಯದುದರಿಂದ, ಮಣ್ಣನ್ನು ಬಹುಮಟ್ಟಿಗೆ ಕೈಬಿಟ್ಟು ಕಲ್ಲಿನ ಮೊರೆಹೊಕ್ಕನು.

ಈ ಪಾಕವನ್ನು 1301ರಲ್ಲಿ ಬರೆದಿಟ್ಟವನು ಅಬುಲ್ ಖಾಸಿಂ. ಕಾಶಾನಿನ ಪ್ರಖ್ಯಾತ ಕುಂಬಾರ ಮನೆತನದಲ್ಲಿ ಜನಿಸಿಯೂ ಲೇಖನಿ ಹಿಡಿದು ಮಂಗೋಲ ಅರಸರ ಆಸ್ಥಾನದಲ್ಲಿ ಇತಿಹಾಸಕಾರನಾದವನು. (ಕುಲವೃತ್ತಿಯನ್ನು ತೊರೆದವನಿಂದಲೇ ಕುಲದ ಗುಟ್ಟು ನಮಗೆ ದಕ್ಕಿತೆಂಬುದು ವಿನೋದವಲ್ಲವೆ!) ನುಣ್ಣಗೆ ಅರೆದ ಬೆಣಚುಕಲ್ಲಿನ ಪುಡಿ 10 ಪಾಲು, ಗಾಜಿನ ಪುಡಿ 1 ಪಾಲು, ಬಿಳಿಯ ಜೇಡಿ 1 ಪಾಲು. ಹೀಗೆ ಕಲಸಿದ ಮುದ್ದೆಗೆ ಜಿಗುಟು ಸಾಲದು, ತಿಗರಿಯ ಮೇಲೆ ಸುಲಭವಾಗಿ ಏಳದು; ಬೆಂದಮೇಲೆ ಮಾತ್ರ ಬೆಳ್ಳಗೆ ಗಟ್ಟಿಯಾಗಿ, ಚಿತ್ರಕಾರನ ಮುಂದೆ ಹಾಸಿದ ಹೊಸ ಹಾಳೆಯಂತೆ ನಿಲ್ಲುವುದು.

ಅದರ ಮೇಲೆ ಬರೆದುದು ಉಳಿಯಬೇಕಷ್ಟೆ. ಸೀಸ ಬೆರೆತ ಹಳೆಯ ಮೆರುಗಿನ ಅಡಿಯಲ್ಲಿ ಬಣ್ಣವು ಆವಿಗೆಯ ಕಾವಿಗೆ ಹರಿದು ಕದಡುತ್ತಿತ್ತು. ಸಸ್ಯಗಳನ್ನು ಸುಟ್ಟ ಬೂದಿಯ ಕ್ಷಾರದಿಂದ ಕಾಯಿಸಿದ ಮೆರುಗಿನ ಅಡಿಯಲ್ಲಾದರೋ ಗೆರೆ ಎಳೆದಲ್ಲಿಯೇ ನಿಂತಿತು. ಮೊದಮೊದಲು ಕಪ್ಪು ಲೇಪವನ್ನು ದಪ್ಪವಾಗಿ ಬಳಿದು, ಚೂರಿಯಿಂದ ಕೆರೆದು ಆಕೃತಿಗಳನ್ನು ಬಿಡಿಸುತ್ತಿದ್ದರು. 1200ರ ಸುಮಾರಿಗೆ ಚೂರಿಯ ಸ್ಥಾನವನ್ನು ಕುಂಚ ಆಕ್ರಮಿಸಿತು. ಆ ಕಾಲದ ಬೋಗುಣಿಯೊಂದನ್ನು ಸಮೀಪದಿಂದ ನೋಡಿದರೆ, ನಡುವಿನಿಂದ ಅಂಚಿನವರೆಗೆ ಬಳುಕುವ ಜಲಸಸ್ಯಗಳ ದಂಟುಗಳೂ, ಅವುಗಳ ಎಡೆಯಲ್ಲಿ ಮೀನುಗಳೂ, ಬಾಯಿಯ ಸುತ್ತ ಚಿತ್ರಕ್ಕೇನೂ ಸಂಬಂಧವಿಲ್ಲದ ಪಾರಸಿ ಪ್ರೇಮಪದ್ಯವೂ ಕಾಣುವುವು. ಕಪ್ಪು ಗೆರೆ ಹರಿತವಾಗಿದೆ. ಕೋಬಾಲ್ಟಿನ ನೀಲಿ ಮಾತ್ರ ತುಸು ಒಸರಿದೆ. ಹೊರಮೈಯಲ್ಲಿ ಮೆರುಗು ಜಾರಿ, ಪಾದವನ್ನು ಮುಟ್ಟುವ ಮೊದಲೇ ದಪ್ಪ ಹನಿಯಾಗಿ ಹೆಪ್ಪುಗಟ್ಟಿದೆ. ಆ ಹನಿಯನ್ನು ದೋಷವೆನ್ನಲು ನನಗೆ ಮನಸ್ಸು ಬಾರದು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಹಿಜರಿ 612ರ, ಎಂದರೆ ಕ್ರಿ.ಶ. 1215-16ರ ಹೂಜಿಯೊಂದಿದೆ. ಅದಕ್ಕೆ ಎರಡು ಗೋಡೆಗಳು. ಒಳಗಿನದು ದ್ರವವನ್ನು ಹಿಡಿದಿಡಲು, ಹೊರಗಿನದು ಬರಿಯ ಅಲಂಕಾರಕ್ಕೆ. ಹೊರಗಿನ ಗೋಡೆಯನ್ನು ಬಳ್ಳಿ, ನಾಲ್ಕು ಕಾಲಿನ ಪ್ರಾಣಿಗಳು, ಸ್ತ್ರೀಮುಖದ ಪಕ್ಷಿಗಳು ಉಳಿಯುವಂತೆ ಕೊರೆದು, ಕಪ್ಪು-ನೀಲಿಗಳಿಂದ ಚಿತ್ರಿಸಿ, ಹಸುರುನೀಲಿಯ ಮೆರುಗು ಹೊದಿಸಲಾಗಿದೆ.

1220ರ ಬಳಿಕ, ಮಂಗೋಲರ ದಂಡು ಇರಾನನ್ನು ತುಳಿದ ಮೇಲೆ, ವರ್ಷ ನಮೂದಿಸಿದ ಇಂಥ ಭಾಂಡಗಳು ವಿರಳವಾಗುತ್ತವೆ. ಅವರ ಆಳ್ವಿಕೆ ನೆಲೆಗೊಂಡ ತರುವಾಯ ಬಂದ ಬೂದುನೆಲದ ಬೋಗುಣಿಗಳಲ್ಲಿ ಚೀನೀ ಕಮಲಗಳೂ ಹಾರುವ ಪಕ್ಷಿಗಳೂ ಕಿಕ್ಕಿರಿದಿವೆ. ಕೆಲಸ ಅಚ್ಚುಕಟ್ಟೇ ಸರಿ, ಆದರೆ ಕುಂಚ ಅಷ್ಟು ಹಗುರವಾಗಿ ಓಡಿದಂತೆ ನನಗೆ ತೋರದು.