ಕಿಣ್ವಗಳ ಪಟ್ಟಿಯಲ್ಲೊಂದು ಪೀಣ್ಯದ ಅಕ್ಷರ

ರಾಜಾಜಿನಗರದ ಕೈಗಾರಿಕಾ ವಲಯವನ್ನು ದಾಟಿ ತುಮಕೂರು ರಸ್ತೆಯತ್ತ ಹೊರಳಿದರೆ ಸಿಗುವ ಪೀಣ್ಯ, ಲೇತ್ ಯಂತ್ರಗಳಿಗೂ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಹೆಸರಾದ ಪ್ರದೇಶ. ಆದರೆ ಜಗತ್ತಿನ ಜೀವವಿಜ್ಞಾನ ಪ್ರಯೋಗಾಲಯಗಳು ದಶಕಗಳಿಂದ ನೆಚ್ಚಿಕೊಂಡಿರುವ ಒಂದು ದತ್ತಾಂಶ ಕಡತದಲ್ಲಿ ಅದೇ ಪೀಣ್ಯ ‘ಯು’ ಎಂಬ ಒಂಟಿ ಅಕ್ಷರವಾಗಿ ಸೇರಿಕೊಂಡಿತ್ತು. ಆ ಅಕ್ಷರ ಸೂಚಿಸುತ್ತಿದ್ದುದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದ ವಿಜ್ಞಾನಿ ಪಿ. ಬಾಬು ಅವರು 1980ರ ದಶಕದ ಕೊನೆಯಲ್ಲಿ ಕಟ್ಟಿದ ಬ್ಯಾಂಗಲೋರ್ ಜೀನೈ ಸಂಸ್ಥೆಯನ್ನು. ನಿರ್ಬಂಧಕ ಕಿಣ್ವಗಳನ್ನು, ಅಂದರೆ ರೆಸ್ಟ್ರಿಕ್ಷನ್ ಎಂಜೈಮ್‌ಗಳನ್ನು, ಹೊರದೇಶದಿಂದ ಮಂಜುಗಡ್ಡೆಯಲ್ಲಿಟ್ಟು ತರಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಅವನ್ನು ಇಲ್ಲಿಯೇ ತಯಾರಿಸಿ ಮಾರಿದ ಈ ಸಂಸ್ಥೆ ಮುಂದೆ ಸನ್ಮಾರ್ ಸಮೂಹದ ಕೈಸೇರಿ, 2009ರಲ್ಲಿ ಜರ್ಮನಿಯ ಮರ್ಕ್ ಕಂಪನಿಯ ಪಾಲಾಯಿತು.

ನಿರ್ಬಂಧಕ ಕಿಣ್ವವೆಂಬುದು ತನ್ನೊಳಗೆ ನುಗ್ಗುವ ವೈರಸ್ಸಿನ ಡಿಎನ್ಎಯನ್ನು ತುಂಡರಿಸಲು ಬ್ಯಾಕ್ಟೀರಿಯಾ ಬಳಸುವ ಆಯುಧ. ತನ್ನದೇ ಡಿಎನ್ಎಯ ಅದೇ ಜಾಗಗಳಿಗೆ ಮೀಥೈಲ್ ಎಂಬ ರಾಸಾಯನಿಕ ಗುಂಪನ್ನು ಅಂಟಿಸಿ ಅದು ಆತ್ಮರಕ್ಷಣೆ ಮಾಡಿಕೊಳ್ಳುತ್ತದೆ. ಪ್ರಯೋಗಾಲಯಗಳಲ್ಲಿ ಬಳಕೆಯಾಗುವ ಪ್ರತಿ ಕಿಣ್ವವೂ ಡಿಎನ್ಎಯ ಎ, ಟಿ, ಜಿ, ಸಿ ಅಕ್ಷರಗಳ ಒಂದು ನಿರ್ದಿಷ್ಟ ಸಾಲನ್ನು ಗುರುತಿಸಿ ನಿಗದಿತ ಜಾಗದಲ್ಲಿ ಕತ್ತರಿಸುವುದರಿಂದ ವಂಶವಾಹಿಗಳನ್ನು ಬೇಕಾದಂತೆ ತುಂಡರಿಸಿ ಜೋಡಿಸುವ ತಂತ್ರ ಸಾಧ್ಯವಾಯಿತು, ಮತ್ತು ಅದಕ್ಕೆ ದಾರಿ ತೆರೆದ ವೆರ್ನರ್ ಆರ್ಬರ್, ಡೇನಿಯಲ್ ನೇಥನ್ಸ್ ಹಾಗೂ ಹ್ಯಾಮಿಲ್ಟನ್ ಸ್ಮಿತ್ ಅವರಿಗೆ 1978ರ ನೊಬೆಲ್ ಪ್ರಶಸ್ತಿ ದೊರೆಯಿತು.

ಹೊಸ ಕಿಣ್ವಗಳು ಒಂದರ ಹಿಂದೊಂದು ಪತ್ತೆಯಾಗುತ್ತಿದ್ದ 1970ರ ದಶಕದಲ್ಲಿ ವಿಜ್ಞಾನಿ ರಿಚರ್ಡ್ ರಾಬರ್ಟ್ಸ್ ಅವುಗಳ ಪಟ್ಟಿಯನ್ನು ಇಟ್ಟುಕೊಳ್ಳತೊಡಗಿದರು. ಅದೇ ಬೆಳೆದು ರೀಬೇಸ್ ಎಂಬ ದತ್ತಸಂಚಯವಾಯಿತು. ರೀಬೇಸ್ ಒಂದೇ ಮಾಹಿತಿಯನ್ನು ಹಲವು ಪಠ್ಯ ಕಡತಗಳಾಗಿ ಹೊರತರುತ್ತದೆ. ‘ವಿತ್‌ರೆಫ್‌ಎಂ’ ಎಂಬ ವಿನ್ಯಾಸದಲ್ಲಿ ಪ್ರತಿ ಕಿಣ್ವಕ್ಕೂ ಸಂಖ್ಯೆ ಹಾಕಿದ ಎಂಟು ಸಾಲುಗಳಿದ್ದು, ಹೆಸರು, ಅದೇ ಸಾಲನ್ನು ಗುರುತಿಸುವ ಇತರ ಕಿಣ್ವಗಳು, ಗುರುತಿಸುವ ಸಾಲು, ಮೀಥೈಲ್ ಅಂಟುವ ಜಾಗ, ಮೂಲ ಸೂಕ್ಷ್ಮಜೀವಿ, ಅದು ದೊರೆತ ಆಕರ, ಮಾರಾಟಗಾರರ ಸಂಕೇತಾಕ್ಷರಗಳು ಮತ್ತು ಸಂಶೋಧನಾ ಲೇಖನಗಳು ಕ್ರಮವಾಗಿ ಬರುತ್ತವೆ. ಪೀಣ್ಯದ ‘ಯು’ ಇದ್ದುದು ಏಳನೆಯ ಸಾಲಿನಲ್ಲಿ. ಕಂಪನಿಗಳು ಕೈಬದಲಾಯಿಸಿದಂತೆ ಸಂಕೇತಗಳೂ ಬದಲಾಗುವುದರಿಂದ, ಯಾವ ಅಕ್ಷರ ಯಾರದ್ದೆಂದು ಈ ಕಡತವನ್ನು ಓದುವ ತಂತ್ರಾಂಶದೊಳಗೆ ಶಾಶ್ವತವಾಗಿ ಬರೆದಿಡದೆ ಕಡತದ ತಲೆಭಾಗದ ಕೋಷ್ಟಕದಿಂದಲೇ ಓದಿಕೊಳ್ಳುವುದು ವಿವೇಕದ ಮಾರ್ಗ.

ಇನ್ನುಳಿದ ವಿನ್ಯಾಸಗಳಲ್ಲಿ ‘ಐಟೈಪ್2’ ಎಂಬುದು ಒಂದು ಕಿಣ್ವಕ್ಕೆ ಒಂದು ಸಾಲನ್ನು ಮೀಸಲಿಟ್ಟು ಟ್ಯಾಬ್‌ಗಳಿಂದ ವಿಭಾಗಿಸುತ್ತದೆ. ‘ಬೈರಾಕ್’ ಎಂಬುದು ಪ್ರತಿ ಸಾಲಿನ ಆರಂಭದಲ್ಲಿ ಎರಡಕ್ಷರದ ಸಂಕೇತವನ್ನಿಡುತ್ತದೆ. ಪರ್ಲ್ ಭಾಷೆಯ ಬಯೋಪರ್ಲ್ ಗ್ರಂಥಾಲಯದಲ್ಲಿ ಇವುಗಳನ್ನು ಓದಲೆಂದೇ ಒಂದು ಘಟಕವಿದ್ದರೆ, ಪೈಥಾನ್ ಭಾಷೆಯ ಬಯೋಪೈಥಾನ್, ರೀಬೇಸ್ ಮಾಹಿತಿಯನ್ನು ಮೊದಲೇ ತನ್ನ ನಿಘಂಟಾಗಿ ಪರಿವರ್ತಿಸಿಟ್ಟುಕೊಂಡಿರುತ್ತದೆ.

ಕಡತ ಓದುವ ಕೆಲಸ ಸುಲಭವೆಂದು ತೋರುವುದು ಕತ್ತರಿಸುವ ಜಾಗದ ಗುರುತನ್ನು ಗಮನಿಸುವವರೆಗೆ ಮಾತ್ರ. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಡಿ. ಎನ್. ರಾವ್ ಅವರು ದೀರ್ಘಕಾಲ ಅಧ್ಯಯನ ಮಾಡಿದ ಕೆಪಿಎನ್ ಒನ್ ಎಂಬ ಕಿಣ್ವ ಇದಕ್ಕೆ ಒಳ್ಳೆಯ ನಿದರ್ಶನ. ಕಡತದಲ್ಲಿ ಅದರ ಸಾಲು ‘ಜಿಜಿಟಿಎಸಿ^ಸಿ’ ಎಂದಿದ್ದು, ನಡುವಿನ ಕ್ಯಾರೆಟ್ ಗುರುತು ಐದನೆಯ ಅಕ್ಷರದ ನಂತರ ಕಡಿತವೆಂದು ಹೇಳುತ್ತದೆ. ಎಸಿಸಿ 65 ಒನ್ ಎಂಬ ಮತ್ತೊಂದು ಕಿಣ್ವ ಅದೇ ಆರು ಅಕ್ಷರಗಳನ್ನು ಗುರುತಿಸಿದರೂ ‘ಜಿ^ಜಿಟಿಎಸಿಸಿ’ ಎಂದು ಮೊದಲ ಅಕ್ಷರದ ನಂತರವೇ ಕತ್ತರಿಸುವುದರಿಂದ ಉಳಿಯುವ ಒಂಟಿ ಎಳೆಯ ತುದಿ ವಿರುದ್ಧ ದಿಕ್ಕಿನದಾಗುತ್ತದೆ. ಗುರುತಿಸುವ ಸಾಲನ್ನೇ ಕೀಲಿಯಾಗಿಟ್ಟುಕೊಂಡು ಮಾಹಿತಿ ಕೂಡಿಡುವ ತಂತ್ರಾಂಶ ಇವೆರಡರಲ್ಲಿ ಒಂದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಅದೇ ಕೆಪಿಎನ್ ಒನ್, ಮೆಗ್ನೀಸಿಯಮ್ ಇದ್ದಾಗ ತನ್ನದಲ್ಲದ ಜಾಗಗಳನ್ನೂ ಕತ್ತರಿಸುತ್ತದೆ, ಕ್ಯಾಲ್ಸಿಯಮ್ ಇದ್ದಾಗ ಕಟ್ಟುನಿಟ್ಟಾಗಿ ವರ್ತಿಸುತ್ತದೆ ಎಂದು ನಾಗರಾಜರ ಪ್ರಯೋಗಾಲಯ ತೋರಿಸಿಕೊಟ್ಟಿತು. ಕಡತದ ಎಂಟು ಸಾಲುಗಳಲ್ಲಿ ಅದಕ್ಕೆಂದು ಒಂದು ಸಾಲಿಲ್ಲ.

ಗುರುತು ಇಲ್ಲದಿರುವುದೂ ಒಂದು ಮಾಹಿತಿಯೇ. ಕಡಿತದ ಜಾಗ ಇನ್ನೂ ತಿಳಿಯದ ಕಿಣ್ವಗಳಿಗೆ ಕ್ಯಾರೆಟ್ ಹಾಕಿರುವುದಿಲ್ಲ. ಗುರುತಿಸುವ ಸಾಲೇ ತಿಳಿಯದಿದ್ದರೆ ಬರಿಯ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಇಂಥ ಕೊರತೆಯನ್ನು ಆತುರದ ತಂತ್ರಾಂಶಗಾರ ಸೊನ್ನೆ ಎಂದು ಬರೆದುಕೊಂಡರೆ ದೊಡ್ಡ ಗೊಂದಲವೇಳುತ್ತದೆ, ಏಕೆಂದರೆ ‘^ಜಿಎಟಿಸಿ’ ಎಂದು ದಾಖಲಾದ ಎಂಬಿಒ ಒನ್ ನಿಜಕ್ಕೂ ಸೊನ್ನೆಯ ಸ್ಥಾನದಲ್ಲಿ, ಮೊದಲ ಅಕ್ಷರಕ್ಕಿಂತ ಮುಂಚೆಯೇ, ಕತ್ತರಿಸುವ ಕಿಣ್ವ. ಹೆಸರಿನ ಕೊನೆಯ ರೋಮನ್ ಒಂದನ್ನು ಅಂಕಿಯ ಒಂದೆಂದು ಟೈಪ್ ಮಾಡುವ ಚಿಲ್ಲರೆ ತಪ್ಪಿನಿಂದಲೂ ಹುಡುಕಾಟ ವಿಫಲವಾಗುವುದುಂಟು.

ಓದುವಿಕೆಯಲ್ಲಿ ನುಸುಳಿದ ದೋಷ ಬೇಗ ಬಯಲಾಗುತ್ತದೆ, ಆದರೆ ಬರೆಯುವಿಕೆಯಲ್ಲಿ ಕಳೆದುಹೋದದ್ದು ಯಾರ ಗಮನಕ್ಕೂ ಬಾರದೆ ಮುಂದಿನವರಿಗೆ ದಾಟುತ್ತದೆ. ಫಾಕ್ ಒನ್ ಎಂಬ ಕಿಣ್ವದ ದಾಖಲೆ ‘ಜಿಜಿಎಟಿಜಿ (9/13)’ ಎಂದಿದೆ: ಅದು ಗುರುತಿಸುವುದು ಐದು ಅಕ್ಷರಗಳನ್ನು, ಆದರೆ ಕತ್ತರಿಸುವುದು ಅವುಗಳಾಚೆ, ಮೇಲಿನ ಎಳೆಯಲ್ಲಿ ಒಂಬತ್ತು ಮತ್ತು ಕೆಳಗಿನ ಎಳೆಯಲ್ಲಿ ಹದಿಮೂರು ಅಕ್ಷರಗಳ ನಂತರ. ಕೆಪಿಎನ್ ಒನ್‌ನ ಸಾಲನ್ನು ಎರಡೂ ಎಳೆಗಳಲ್ಲಿ ಅದರದರ ದಿಕ್ಕಿನಲ್ಲಿ ಓದಿದಾಗ ಒಂದೇ ಆಗಿರುವುದರಿಂದ ಒಂದು ಕ್ಯಾರೆಟ್ಟಿನಿಂದ ಎರಡು ಕಡಿತಗಳನ್ನೂ ಲೆಕ್ಕ ಹಾಕಬಹುದು. ಫಾಕ್ ಒನ್‌ಗೆ ಆ ಸಮರೂಪತೆಯಿಲ್ಲ, ಆದ್ದರಿಂದ ಒಂದೇ ಕ್ಯಾರೆಟ್ ಹಿಡಿಸುವ ವಿನ್ಯಾಸಕ್ಕೆ ಅದನ್ನು ಬರೆದೊಡನೆ ಹದಿಮೂರು ಎಂಬ ಸಂಖ್ಯೆ ಮಾಯವಾಗುತ್ತದೆ. ಬಿಸಿಜಿ ಒನ್ ತನ್ನ ಸಾಲಿನ ಎರಡೂ ಬದಿಗಳಲ್ಲಿ ಕತ್ತರಿಸುವುದರಿಂದ ಅದಕ್ಕೆ ನಾಲ್ಕು ಸಂಖ್ಯೆಗಳು ಬೇಕು. ಎಂಬಾಸ್ ತಂತ್ರಾಂಶದ ಕಡತದಲ್ಲಿ ಪ್ರತಿ ಕಿಣ್ವಕ್ಕೂ ನಾಲ್ಕು ಕಡಿತಸ್ಥಾನಗಳ ಅಂಕಣಗಳಿರುವುದು ಇದೇ ಕಾರಣಕ್ಕೆ.

ಕೆಂಗೇರಿ ದಾರಿಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಜೈವಿಕ ತಂತ್ರಜ್ಞಾನ ವಿಭಾಗದಲ್ಲಾಗಲಿ, ಜ್ಞಾನಭಾರತಿ ಆವರಣದಲ್ಲಾಗಲಿ ಇಂಥ ತಂತ್ರಾಂಶ ಬರೆಯುವ ವಿದ್ಯಾರ್ಥಿಗೆ ಲಭ್ಯವಿರುವ ಅತ್ಯಂತ ಪ್ರಾಮಾಣಿಕ ಪರೀಕ್ಷೆ ಸರಳವಾದದ್ದು: ಕಡತವನ್ನು ಓದಿ, ಮತ್ತೊಂದು ಕಡತಕ್ಕೆ ಬರೆದು, ಬರೆದದ್ದನ್ನು ಪುನಃ ಓದಿ ಮೊದಲಿನದರೊಂದಿಗೆ ಹೋಲಿಸಬೇಕು, ಕೆಪಿಎನ್ ಒನ್ ಮತ್ತು ಎಸಿಸಿ 65 ಒನ್ ಎರಡೂ ಬೇರೆ ಬೇರೆಯಾಗಿ ಉಳಿದಿವೆಯೇ, ಫಾಕ್ ಒನ್‌ನ ಹದಿಮೂರು ಬದುಕಿದೆಯೇ, ತಿಳಿಯದ ಕಡಿತಸ್ಥಾನ ಇನ್ನೂ ತಿಳಿಯದ್ದಾಗಿಯೇ ಇದೆಯೇ ಎಂದು ನೋಡಬೇಕು.