ಹೆಸರುಳ್ಳ ಗೋರಿಗಳು, ಹೆಸರಿಲ್ಲದ ಸಾವುಗಳು

ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿರುವ ಸ್ಕಾಟ್ ಬಂಗಲೆಯ ಕಥೆ ಕೇಳಿದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ಹೆಂಡತಿ, ಮಕ್ಕಳು ಕಾಲರಾಕ್ಕೆ ಬಲಿಯಾದ ಬಳಿಕ ಬ್ರಿಟಿಷ್ ಅಧಿಕಾರಿ ಕರ್ನಲ್ ಸ್ಕಾಟ್ ಮನೆ ತೊರೆದು ಹೋದನಂತೆ. ಗೆದ್ದವನ ದುಃಖವನ್ನು ಸೋತ ಊರು ಇಂದಿಗೂ ಮರುಕದಿಂದಲೇ ಹೇಳುತ್ತದೆ.

ಅದೇ ಊರಿನ ಗ್ಯಾರಿಸನ್ ಸ್ಮಶಾನದಲ್ಲಿ, ಬ್ರಿಟಿಷರ ಪರವಾಗಿ ಸಂಬಳಕ್ಕೆ ಕಾದಾಡಿದ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳಿವೆ. ಆ ಮನೆತನದ ವಂಶಸ್ಥರ ನೆರವಿನಿಂದ ಸ್ಮಶಾನ ಜೀರ್ಣೋದ್ಧಾರಗೊಂಡಿದೆ. ಪೂರ್ವಿಕರನ್ನು ಹುಡುಕಿ ಬರುವವರ ಭಾವನೆಯನ್ನು ತಪ್ಪೆನ್ನಲಾರೆ. ಆದರೆ ಮಡಿದವರಿಗಾಗಿ ಮರುಗುವುದು ಬೇರೆ, ಕೈತಪ್ಪಿದ ಆಳ್ವಿಕೆಗಾಗಿ ಹಂಬಲಿಸುವುದು ಬೇರೆ.

ಈ ಗೊಂದಲದಲ್ಲಿ ನಮ್ಮ ಪಾಲೂ ಉಂಟು. 1799ರ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಅಧಿಕಾರಿಗಳ ಸ್ಮರಣೆಗೆ ಕೋಟೆಯ ಬಳಿ ಸ್ತಂಭ ನಿಲ್ಲಿಸಿದ್ದು 1907ರ ಮೈಸೂರು ಸರ್ಕಾರವೇ. ಆ ಮೇ 4ರಂದು ಟಿಪ್ಪುವಿನೊಂದಿಗೆ ಪ್ರಾಣ ತೆತ್ತ ಸಾವಿರಾರು ಸಿಪಾಯಿಗಳ ಹೆಸರು ಅದರ ಮೇಲಿಲ್ಲ. ಅವರಿಗೂ ಹೆಂಡತಿ, ಮಕ್ಕಳಿದ್ದರು. ಅವರ ಕಥೆ ಹೇಳಲು ಯಾವ ಬಂಗಲೆಯೂ ಉಳಿದಿಲ್ಲ.

ಹಳೆಯ ಗೋರಿಗಳು ಸುಸ್ಥಿತಿಯಲ್ಲಿರಲಿ. ಜೊತೆಗೆ, ಹೆಸರಿಲ್ಲದವರಿಗೂ ಒಂದು ಕಲ್ಲು ನಿಲ್ಲಲಿ. ಆಗಷ್ಟೇ ನಮ್ಮ ಮರುಕಕ್ಕೆ ನ್ಯಾಯದ ಬಲ ಬಂದೀತು.